ದುಡ್ಡು ಬರುವ ತಾರೀಕು

(ಬಾಗಲಕೋಟೆಯ ನವನಗರದಲ್ಲಿ ರೈತರು, ನೇಕಾರರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಒಂದೇ ಮಾತು ಎರಡೆರಡು ಸಲ ಬಂದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಆದಾಯ ಮತ್ತು ಅಸಮಾನತೆ ಬಗ್ಗೆ ಮಾತಾಡಿ ಅಂದಿದ್ದಾರೆ. ಈ ವಿಷಯ ಸಿಕ್ಕರೆ ಎಲ್ಲರೂ ಮುಂಬೈಯ ದೊಡ್ಡ ಕುಳಗಳಿಂದ ಶುರು ಮಾಡುತ್ತಾರೆ. ಅದಕ್ಕೆ ಕಾರಣವೂ ಇದೆ. ವಿಶ್ವ ಅಸಮಾನತೆ ಪ್ರಯೋಗಾಲಯದವರು 2024ರಲ್ಲಿ ಹಾಕಿದ ಲೆಕ್ಕದಂತೆ, 2022-23ರಲ್ಲಿ ದೇಶದ ಆದಾಯದಲ್ಲಿ ಶೇ 22.6 ಭಾಗ ಮೇಲಿನ ಶೇ 1 ಜನರಿಗೆ ಹೋಗಿತ್ತು. ಆಸ್ತಿಯಲ್ಲಿ ಅವರ ಪಾಲು ಶೇ 40.1. ಆ ಪೈಕಿ ಯಾರಾದರೂ ಈ ಸಭೆಯಲ್ಲಿದ್ದರೆ ದಯವಿಟ್ಟು ಚಹಾದ ಖರ್ಚು ನೋಡಿಕೊಳ್ಳಿ.

ನಾನು ಹೇಳಬೇಕು ಅಂತ ಬಂದಿರುವುದು ನಮ್ಮ ನಿಮ್ಮ ನಡುವಿನ ಅಂತರದ ಬಗ್ಗೆ. ಒಂದೇ ಓಣಿಯ, ಒಂದೇ ಆದಾಯದ ಮನೆಗಳ ನಡುವಿನ ಅಂತರ. ಒಂದೇ ಆದಾಯ ಇದ್ದರೆ ಅಂತರ ಎಲ್ಲಿಂದ ಬಂತು ಅಂತೀರಿ ಅಲ್ವಾ? ಅಲ್ಲಿಂದಲೇ ಶುರು ಮಾಡೋಣ.

ಮೂರು ಮನೆ ಇಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನು ನಾನೇ ಕಟ್ಟಿದ್ದೇನೆ. ಮೊದಲನೆಯದು ನವನಗರದ ಮನೆ. ಗಂಡ ಒಂದು ಕಚೇರಿಯಲ್ಲಿ ಹೊರಗುತ್ತಿಗೆ ನೌಕರ. ತಿಂಗಳಿಗೆ 20,000 ಪಗಾರ. ಎರಡನೆಯದು ಬನಹಟ್ಟಿಯ ಮನೆ. ಗಂಡ ಮಾಲೀಕರ ಪವರ್‌ಲೂಮ್ ಮೇಲೆ ನೇಯುತ್ತಾನೆ, ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಇಬ್ಬರದೂ ಸೇರಿ ವಾರಕ್ಕೆ 4,600 ಮಜೂರಿ. ಮೂರನೆಯದು ಮುಧೋಳ ಕಡೆಯ ಮನೆ. ಮೂರು ಎಕರೆ ಕಬ್ಬು. ಎಕರೆಗೆ 40 ಟನ್ ಹಿಡಿದರೆ 120 ಟನ್, ಟನ್ನಿಗೆ 3,300ರಂತೆ 3,96,000 ರೂಪಾಯಿ. ಗೊಬ್ಬರ, ಆಳು, ನೀರು, ಬೀಜ ಅಂತ 1,56,000 ಕಳೆಯಿರಿ.

ಮೂರೂ ಮನೆಯ ವರ್ಷದ ಆದಾಯ ಹೆಚ್ಚುಕಡಿಮೆ 2,40,000. ಸಮೀಕ್ಷೆಯವರು ಬಂದರೆ ಮೂರನ್ನೂ ಒಂದೇ ಕಾಲಂನಲ್ಲಿ ಬರೆದುಕೊಂಡು ಹೋಗುತ್ತಾರೆ. ಜಿನಿ ಅನ್ನುವ ಇಟಲಿಯ ಪಂಡಿತ 1912ರಲ್ಲಿ ಅಸಮಾನತೆ ಅಳೆಯುವ ಒಂದು ಅಂಕ ಕೊಟ್ಟ. ಎಲ್ಲರಿಗೂ ಸಮ ಇದ್ದರೆ ಸೊನ್ನೆ, ಎಲ್ಲ ಒಬ್ಬನಿಗೇ ಹೋದರೆ ಒಂದು. ಈ ಮೂರು ಮನೆಗಳ ಊರಿಗೆ ಆ ಅಂಕ ಹಾಕಿದರೆ ಸೊನ್ನೆಯೇ ಬರುತ್ತದೆ.

ಈಗ ಜೂನ್ ತಿಂಗಳಿಗೆ ಬನ್ನಿ. ಮೂರೂ ಮನೆಯಲ್ಲಿ ಮಕ್ಕಳ ಫೀ ಕಟ್ಟಬೇಕು. ಪಗಾರದವನು ಕಟ್ಟುತ್ತಾನೆ. ಕಡಿಮೆ ಬಿದ್ದರೆ ಹದಿನೈದು ದಿನಕ್ಕೆ ಅಂತ ಗೆಳೆಯನ ಹತ್ತಿರ ಕೈಗಡ ತರುತ್ತಾನೆ. ಒಂದನೇ ತಾರೀಕು ದುಡ್ಡು ಬರುತ್ತದೆ ಅಂತ ಗೆಳೆಯನಿಗೂ ಗೊತ್ತಿರುತ್ತದೆ, ಕೊಡುತ್ತಾನೆ. ಕಬ್ಬಿನವನ ಬಿಲ್ಲು, ಅಂದರೆ ಕಾರ್ಖಾನೆ ಕೊಡುವ ಕಬ್ಬಿನ ದುಡ್ಡು, ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಬಂದು, ಹಳೆಯ ಸಾಲಕ್ಕೆ ಹೋಗಿ, ಮಗಳ ಬಾಣಂತನಕ್ಕೆ ಹೋಗಿ ಖಾಲಿಯಾಗಿದೆ. ಮುಂದಿನ ಬಿಲ್ಲಿಗೆ ಇನ್ನೂ ಎಂಟು ತಿಂಗಳು. ಫೀ ಇದೆ, ಗೊಬ್ಬರ ಇದೆ, ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಆಮೇಲೆ ದಸರಾ, ದೀಪಾವಳಿ. ಅವನು ಹೊರಗೆ ಒಂದು ಲಕ್ಷ ಎತ್ತುತ್ತಾನೆ ಅಂತಿಟ್ಟುಕೊಳ್ಳಿ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ಎಂಟು ತಿಂಗಳಿಗೆ 24,000 ಬಡ್ಡಿ.

2,40,000ದಲ್ಲಿ 24,000. ಹತ್ತರಲ್ಲಿ ಒಂದು ಪಾಲು. ಈ ಮನೆಯವರು ಕುಡಿಯಲಿಲ್ಲ, ಜೂಜಾಡಲಿಲ್ಲ, ದುಂದು ಮಾಡಲಿಲ್ಲ. ದುಡ್ಡು ಬೇಡವಾದ ತಿಂಗಳಲ್ಲಿ ಬಂತು, ಬೇಕಾದ ತಿಂಗಳಲ್ಲಿ ಬರಲಿಲ್ಲ, ಅಷ್ಟೇ. ಅಷ್ಟಕ್ಕೇ ಅವರು ಪಗಾರದವನಿಗಿಂತ ಶೇ 10ರಷ್ಟು ಬಡವರಾದರು. ಸಮೀಕ್ಷೆಯ ಕಾಲಂನಲ್ಲಿ ಮಾತ್ರ ಇನ್ನೂ ಸಮಾನರೇ.

ನಾನು ನೌಕರಿಯ ಬಹುಭಾಗ ಈ ಭಾಗದ ಬ್ಯಾಂಕಿನ ಗ್ರಾಮೀಣ ಶಾಖೆಗಳಲ್ಲಿ ಕಳೆದವನು. ಕ್ಯಾಲೆಂಡರ್ ನೋಡದಿದ್ದರೂ ಬಂಗಾರದ ಸಾಲದ ಕೌಂಟರ್ ನೋಡಿ ತಿಂಗಳು ಹೇಳಬಹುದಿತ್ತು. ಜೂನ್ ಬಂತೆಂದರೆ ಸರತಿ. ಒಬ್ಬ ಅಕ್ಕ ಬರುತ್ತಿದ್ದರು. ಸೆರಗಿನ ತುದಿಯ ಗಂಟಿನಲ್ಲಿ ಬೋರಮಾಳ. ಗಂಟು ಬಿಚ್ಚುವ ಮುಂಚೆ ಹಿಂದೆ ಯಾರಿದ್ದಾರೆ ಅಂತ ಒಮ್ಮೆ ತಿರುಗಿ ನೋಡುತ್ತಿದ್ದರು. ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕಿ, ಹನಿ ಆಸಿಡ್ ಬಿಟ್ಟು, ತೂಕ ಬರೆಯುತ್ತಿದ್ದರು. ನಿಜವಾಗಿ ತಿಕ್ಕುವ ಅಗತ್ಯವೇ ಇರಲಿಲ್ಲ, ಅದೇ ಬೋರಮಾಳ ಹೋದ ವರ್ಷವೂ ಬಂದಿತ್ತು. ಎರಡು ಗುಂಡುಗಳ ಮೇಲೆ ಹಳೆಯ ಒರೆಯ ಗೆರೆಗಳು ಹಾಗೇ ಕಾಣುತ್ತಿದ್ದವು. "ಬಿಲ್ಲ ಆದ ಕೂಡ್ಲೆ ಬಿಡಿಸ್ಕೊಂತೀವ್ರಿ ಸಾಹೇಬ್ರ" ಅನ್ನುತ್ತಿದ್ದರು. ಬಿಡಿಸಿಕೊಳ್ಳುತ್ತಿದ್ದರು ಕೂಡ. ಮಾರ್ಚ್‌ನಿಂದ ಮೇ ತನಕ ಆ ಬೋರಮಾಳ ಅವರ ಕೊರಳಲ್ಲಿ, ಉಳಿದ ಕಾಲ ನಮ್ಮ ಲಾಕರ್‌ನಲ್ಲಿ. ಅಂಥವರನ್ನು ನಮ್ಮ ಪುಸ್ತಕದಲ್ಲಿ 'ಉತ್ತಮ ಗ್ರಾಹಕರು' ಅಂತ ಬರೆಯುತ್ತಿದ್ದೆವು. ಸಾಲ ತೀರಿಸುತ್ತಾರಲ್ಲ! ಬ್ಯಾಂಕಿನ ಲೆಕ್ಕದಲ್ಲಿ ಸರಿಯೇ. ಆ ಮನೆಯಿಂದ ವರ್ಷವರ್ಷವೂ ಬಡ್ಡಿ ಸೋರುತ್ತಿತ್ತು ಅನ್ನುವುದಕ್ಕೆ ಬೇರೆ ಕಾಲಂ ಇರಲಿಲ್ಲ.

ಇದು ಬರೀ ಬಡ್ಡಿಯ ಮಾತಲ್ಲ. 2013ರಲ್ಲಿ ಒಂದು ಅಧ್ಯಯನ ಬಂತು. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಬಿಲ್ಲು ಬಂದ ಮೇಲೆ ಒಮ್ಮೆ ಪರೀಕ್ಷೆ ಮಾಡಿದರು. ಸೆಂಥಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಅವರ ಜೊತೆಗಾರರ ಕೆಲಸ. ಕಟಾವಿಗೆ ಮುಂಚೆ ಶೇ 78 ಜನ ಏನಾದರೊಂದು ಗಿರವಿ ಇಟ್ಟಿದ್ದರು, ಆಮೇಲೆ ಶೇ 4 ಜನ. ಅದು ನಮಗೆ ಗೊತ್ತಿರುವ ಕಥೆಯೇ. ಆದರೆ ಗಮನ ಕೊಟ್ಟು ಬಿಡಿಸಬೇಕಾದ ಒಗಟು, ಆಕೃತಿಗಳ ಪರೀಕ್ಷೆಯಲ್ಲೂ ಅದೇ ರೈತ ಕಟಾವಿಗೆ ಮುಂಚೆ ಹಿಂದೆ ಬಿದ್ದ, ಬಿಲ್ಲು ಬಂದ ಮೇಲೆ ಮುಂದೆ ಬಂದ. ಮನುಷ್ಯ ಅದೇ, ತಲೆ ಅದೇ. ತಲೆಯೊಳಗೆ ಯಾರಿಗೆಷ್ಟು ಕೊಡಬೇಕು ಅನ್ನುವ ಲೆಕ್ಕ ತುಂಬಿಕೊಂಡಿತ್ತು. ಇದನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಅಮೆರಿಕದಲ್ಲಿ ಪಗಾರದ ದಿನದ ಹಿಂದೆಮುಂದೆ ಇಂಥದೇ ಪರೀಕ್ಷೆ ಮಾಡಿದವರು 2016ರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಅಂದರು. ನನಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಎರಡು ವಾರ ಕಾಯುವುದೂ ಒಂದು ವರ್ಷ ಕಾಯುವುದೂ ಒಂದೇ ಆಗುತ್ತದಾ?

ಹಾಗಾದರೆ ಕಬ್ಬಿನ ದುಡ್ಡಿಗೆ ತಾರೀಕು ಇಲ್ಲವಾ? ಇದೆ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಹಗಲುರಾತ್ರಿ ಕೂತರಲ್ಲ, ಟನ್ನಿಗೆ 3,500 ಬೇಕು ಅಂತ, ಕೊನೆಗೆ 3,300ಕ್ಕೆ ಬಂದು ನಿಂತಿತು. ಅದು ದರದ ಹೋರಾಟ, ಬೇಕಾದದ್ದೇ. ಬಾಕಿ ಬಿಲ್ಲಿಗಾಗಿಯೂ ಕಾರ್ಖಾನೆ ಗೇಟಿನ ಮುಂದೆ ಎಷ್ಟೋ ಧರಣಿ ಆಗಿವೆ. ಆದರೆ ಪೇಪರಿನ ಮೊದಲ ಪುಟಕ್ಕೆ ಬರುವುದು ದರ. ತಾರೀಕು ಒಳಪುಟದಲ್ಲಿ ಸಣ್ಣದಾಗಿ ಬರುತ್ತದೆ. ಟನ್ನಿಗೆ 100 ರೂಪಾಯಿ ಜಾಸ್ತಿ ಬಂದರೆ ನಮ್ಮ ಮೂರು ಎಕರೆಯವನಿಗೆ 12,000 ಸಿಗುತ್ತದೆ. ಎಂಟು ತಿಂಗಳ ಹೊರಗಿನ ಬಡ್ಡಿ ತಪ್ಪಿದರೆ 24,000.

ಇಲ್ಲಿ ಕೂತಿರುವ ರೈತರು ಹೇಳಬಹುದು, ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲ ಸಿಗುತ್ತದಲ್ಲ ಅಂತ. ಸಿಗುತ್ತದೆ. 2023ರಲ್ಲಿ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದೂ ಒಳ್ಳೆಯದೇ. ಆದರೆ ಸಾಲ ಸಿಗುವುದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದವನಿಗೆ. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುವವನು, ಪಾಲಿಗೆ ಮಾಡುವವನು ಅಲ್ಲಿ ಲೆಕ್ಕಕ್ಕೇ ಇಲ್ಲ. ಬಿತ್ತುವವನು ಒಬ್ಬ, ಬಿಟ್ಟಿ ಬಡ್ಡಿಯ ಸಾಲ ಪಡೆಯುವವನು ಇನ್ನೊಬ್ಬ. ಎಷ್ಟೋ ಊರಲ್ಲಿ ಆ ಇನ್ನೊಬ್ಬ ಅದೇ ದುಡ್ಡನ್ನು ಮೊದಲನೆಯವನಿಗೇ ಬಡ್ಡಿಗೆ ಕೊಟ್ಟಿರುತ್ತಾನೆ. ನಗಬೇಡಿ, ನಿಮಗೂ ಗೊತ್ತು.

ರೈತ ಅಂದರೆ ಬೆಳೆಯಿಂದಲೇ ಬದುಕುವವನು ಅನ್ನುವ ಮಾತೂ ಹಳೆಯದಾಯಿತು. 2018-19ರ ಕೃಷಿ ಕುಟುಂಬಗಳ ರಾಷ್ಟ್ರೀಯ ಸಮೀಕ್ಷೆ ನೋಡಿ. ದೇಶದ ಕೃಷಿ ಕುಟುಂಬದ ಸರಾಸರಿ ಆದಾಯ ತಿಂಗಳಿಗೆ 10,218 ರೂಪಾಯಿ. ಅದರಲ್ಲಿ ಕೂಲಿ ಮತ್ತು ಸಂಬಳದಿಂದ 4,063, ಬೆಳೆಯಿಂದ 3,798, ದನಕರುಗಳಿಂದ 1,582. ಬೆಳೆಗಿಂತ ಕೂಲಿಯೇ ಮುಂದೆ. ಹುನಗುಂದ, ಬಾದಾಮಿ, ಇಂಡಿ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವವರ ಪೈಕಿ ಎಷ್ಟು ಜನರ ಹೆಸರಲ್ಲಿ ಎರಡೆಕರೆ ಹೊಲ ಇಲ್ಲ, ಹೇಳಿ? ಕೂಲಿ ಕಡಿಮೆಯಾದರೂ ವಾರದ ಕೊನೆಗೆ ಕೈಗೆ ಬರುತ್ತದೆ. ಹೊಲ ಕೊಡುವುದು ವರ್ಷಕ್ಕೊಮ್ಮೆ, ಮಳೆ ಒಪ್ಪಿದರೆ ಮಾತ್ರ.

ಬನಹಟ್ಟಿಯ ಮನೆಯನ್ನು ಮರೆತೆ ಅನ್ನಬೇಡಿ. ವಾರದ ಬಟವಡೆ ಇರುವುದರಿಂದ ಅವರು ಕಬ್ಬಿನವನಷ್ಟು ದೊಡ್ಡ ಸಾಲಕ್ಕೆ ಬೀಳುವುದಿಲ್ಲ, ಕಿರಾಣಿ ಉದ್ರಿ ವಾರವಾರ ತೀರುತ್ತದೆ. ಅವರ ಕಷ್ಟ ಬೇರೆ. ಸೀರೆ ಖಾಲಿಯಾಗದೆ ಮಾಲೀಕರ ಗೋದಾಮಿನಲ್ಲಿ ಕೂತರೆ, ನೂಲಿನ ದರ ಏರಿದರೆ, ಮೊದಲು ನಿಲ್ಲುವುದು ಮಗ್ಗ. ಮಗ್ಗ ನಿಂತ ವಾರ ಮಜೂರಿ ಇಲ್ಲ. ಮೀಟರ್ ಲೆಕ್ಕದ ದುಡಿಮೆಗೆ ರಜೆಯೂ ಇಲ್ಲ, ಕಾಯಿಲೆಯೂ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಖಟಖಟ ಸದ್ದು ನಿಂತಾಗ ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಅದೇ ಹೊತ್ತಿಗೆ ಸರ್ಕಾರಿ ಪಗಾರದವರು ಮನೆಯಲ್ಲಿ ಕೂತರೂ ತಿಂಗಳ ದುಡ್ಡು ಬಂತು. ಅವರಿಗೆ ಬೆಲೆ ಏರಿಕೆಗೆ ತಕ್ಕಂತೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆಯೂ ಇದೆ. ಅವರ ಮೇಲೆ ಹೊಟ್ಟೆಕಿಚ್ಚಿಲ್ಲ, ನಾನೂ ಅದನ್ನೇ ತಿಂದು ಬೆಳೆದವನು. ಒಬ್ಬನ ಆದಾಯಕ್ಕೆ ಬೆಲೆಯ ಜೊತೆ ಗಂಟು ಹಾಕಿದ್ದೇವೆ, ಇನ್ನೊಬ್ಬನ ಮಜೂರಿಯನ್ನು ಮಾಲೀಕನ ಮನಸ್ಸಿಗೆ ಬಿಟ್ಟಿದ್ದೇವೆ ಅನ್ನುವುದಷ್ಟೇ ನನ್ನ ತಕರಾರು.

ಇನ್ನು ದುಡ್ಡು ಯಾರ ಕೈಗೆ ಬರುತ್ತದೆ ಅನ್ನುವ ಮಾತು. 1990ರ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರ ವೃದ್ಧಾಪ್ಯ ಪಿಂಚಣಿ ಒಮ್ಮೆಲೇ ಏರಿತು. ಎಸ್ತರ್ ಡುಫ್ಲೊ, ಆಮೇಲೆ 2019ರಲ್ಲಿ ನೊಬೆಲ್ ಪಡೆದವರು, ಅದರ ಲೆಕ್ಕ ತೆಗೆದರು. ಅಜ್ಜಿಗೆ ಪಿಂಚಣಿ ಬರುವ ಮನೆಗಳಲ್ಲಿ ಹೆಣ್ಣು ಮೊಮ್ಮಕ್ಕಳ ಬೆಳವಣಿಗೆ ಸುಧಾರಿಸಿತ್ತು. ಅಜ್ಜನಿಗೆ ಬರುವ ಮನೆಗಳಲ್ಲಿ ಅಂಥ ಗುರುತು ಸಿಗಲಿಲ್ಲ. ಹೆಂಗಸರು ಚಪ್ಪಾಳೆ ಹೊಡೆಯುತ್ತಿದ್ದೀರಿ, ಗಂಡಸರು ಮೇಲಿನ ಫ್ಯಾನ್ ನೋಡುತ್ತಿದ್ದಾರೆ!

ಗೃಹಲಕ್ಷ್ಮಿಯನ್ನು ಈ ಕಣ್ಣಿನಿಂದ ನೋಡಬೇಕು. 2023ರ ಆಗಸ್ಟ್ 30ರಂದು ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000. ಬಿಟ್ಟಿ ದುಡ್ಡು ಅನ್ನುವವರೂ ಇದ್ದಾರೆ, ಬದುಕೇ ಬದಲಾಯಿತು ಅನ್ನುವವರೂ ಇದ್ದಾರೆ. ಸಂಘದ ಒಬ್ಬ ತಂಗಿ ಹೇಳಿದ್ದು ನನಗೆ ಸರಿ ಕಂಡಿತು: "ಎರಡ ಸಾವಿರ ದೊಡ್ಡದಲ್ರಿ. ಗುಳಿಗಿ ತರಾಕ ಅವರನ್ನ ಕೇಳೂದು ತಪ್ತಲ್ರಿ, ಅದು ದೊಡ್ಡದು." ಆದರೆ ಈ ಯೋಜನೆಯ ಬಲ ಇರುವುದು ತಿಂಗಳು ತಪ್ಪದೆ ಬರುವುದರಲ್ಲಿ. ಕಂತು ತಿಂಗಳುಗಟ್ಟಲೆ ನಿಂತು ಆಮೇಲೆ ಒಟ್ಟಿಗೆ ಬಂದದ್ದೂ ಇದೆ. ಸರ್ಕಾರದ ಲೆಕ್ಕದಲ್ಲಿ ಎರಡೂ ಒಂದೇ. ಆ ತಂಗಿಯ ಲೆಕ್ಕದಲ್ಲಿ ಅಲ್ಲ. ನಡುವಿನ ತಿಂಗಳಲ್ಲಿ ಆಕೆ ಮತ್ತೆ ಕೇಳಬೇಕು, ಇಲ್ಲ ಗುಳಿಗೆ ಬಿಡಬೇಕು.

ಕಿರುಸಾಲದ ಕಂಪನಿಗಳ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಮನೆಗೆ ಒತ್ತೆ ಇಲ್ಲದೆ ಕೊಡುವುದು ಕಿರುಸಾಲ. ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನೋಡಲು ಒಳ್ಳೆಯ ನಿಯಮ. ಆದರೆ ನಮ್ಮ ಕಬ್ಬಿನ ಮನೆಗೆ ತಿಂಗಳ ಆದಾಯ ಎಲ್ಲಿದೆ? ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿದಾಗ ಕಾಗದದ ಮೇಲೆ ಹುಟ್ಟುವ ಸಂಖ್ಯೆ ಅದು. ಆಗಸ್ಟ್‌ನಲ್ಲಿ 20,000 ಬರುತ್ತದೆ ಅಂತ ಕಾಗದ ಹೇಳುತ್ತದೆ, ಬರುವುದು ಸೊನ್ನೆ. ಕಂತು ಮಾತ್ರ ಆಗಸ್ಟ್‌ನಲ್ಲೂ ಕೇಳುತ್ತದೆ. ಆ ಕಂತಿಗೆ ಇನ್ನೊಂದು ಕಂಪನಿಯ ಸಾಲ, ಅದಕ್ಕೆ ಮತ್ತೊಂದು. ಕೊನೆಗೆ ಮನೆಗೆ ಬೀಗ ಹಾಕಿ ಊರು ಬಿಡುವ ತನಕ ಹೋಗಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ ಶಿಕ್ಷೆ ಇಟ್ಟಿತು. ವಸೂಲಿಯ ಕ್ರೌರ್ಯಕ್ಕೆ ಅದು ಮದ್ದು. ವರ್ಷಕ್ಕೊಮ್ಮೆ ಬರುವ ಆದಾಯಕ್ಕೆ ವಾರದ ಕಂತು ಕಟ್ಟುವ ರೋಗ ಹಾಗೇ ಇದೆ.

ಬಾಗಲಕೋಟೆಯಲ್ಲಿ ನಿಂತು ಮುಳುಗಡೆಯ ಮಾತಾಡದೆ ಹೋದರೆ ನೀವು ಬಿಡುವುದಿಲ್ಲ. ನಾವು ಕೂತಿರುವ ಈ ನವನಗರವೇ ಆಲಮಟ್ಟಿ ಹಿನ್ನೀರಿನಿಂದ ಹುಟ್ಟಿದ ಊರು. ಈಗ ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರ್‌ಗೆ ಏರಿಸಬೇಕು. ಅದಕ್ಕೆ ಹೋಗುವ ಜಮೀನಿಗೆ 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ದರ ಒಪ್ಪಿತು. ನೀರಾವರಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯಕ್ಕೆ 30 ಲಕ್ಷ.

ನಮ್ಮ ಮೂರು ಎಕರೆಯವನ ಹೊಲ ಮುಳುಗಡೆಯಲ್ಲಿ ಹೋಯಿತು ಅನ್ನಿ. 1 ಕೋಟಿ 20 ಲಕ್ಷ. ಶೇ 6ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 7,20,000 ಬಡ್ಡಿ, ತಿಂಗಳಿಗೆ 60,000. ಕಬ್ಬಿನಿಂದ ಬರುತ್ತಿದ್ದುದರ ಮೂರು ಪಟ್ಟು, ಅದೂ ತಿಂಗಳ ತಿಂಗಳ. ನಾನು ಹೇಳುತ್ತಿರುವ ರೋಗಕ್ಕೆ ಇದೇ ಮದ್ದು ಅಂತ ಕಾಣುತ್ತದೆ ಅಲ್ವಾ?

ತಡೆಯಿರಿ. ಉತಾರದಲ್ಲಿ ಅಣ್ಣತಮ್ಮಂದಿರು ನಾಲ್ಕು ಜನ ಇದ್ದರೆ ಪಾಲಿಗೆ 30 ಲಕ್ಷ, ತಿಂಗಳಿಗೆ 15,000. ಅಕ್ಕತಂಗಿಯರದೂ ಹಕ್ಕಿದೆ, ಕೇಳಿದರೆ ಇನ್ನೂ ಇಳಿಯುತ್ತದೆ, ಕೇಳಬೇಕು ಕೂಡ. ಮನೆ ಕಟ್ಟಬೇಕು. ಮಗಳ ಮದುವೆ ಎರಡು ವರ್ಷ ಮುಂದೆ ಇದ್ದದ್ದು ಇದೇ ವರ್ಷಕ್ಕೆ ಬರುತ್ತದೆ. ಮಗನಿಗೆ ಗಾಡಿ. ಬೇರೆ ಕಡೆ ಹೊಲ ಕೊಳ್ಳೋಣ ಅಂದರೆ, ಪರಿಹಾರ ಬಂದ ಸುದ್ದಿ ಇವನಿಗಿಂತ ಮುಂಚೆ ಅಲ್ಲಿಗೆ ಮುಟ್ಟಿ ದರ ಏರಿರುತ್ತದೆ. ಉಳಿದ ಠೇವಣಿಯ ಬಡ್ಡಿ ಹತ್ತು ವರ್ಷ ಆದರೂ ಅಷ್ಟೇ, ಜೋಳದ ದರ ಅಷ್ಟೇ ಇರುವುದಿಲ್ಲ. ಇಡಗಂಟು ಕೊಡುವವರು ಚೆಕ್ಕಿನ ಜೊತೆ ಆದಾಯದ ದಾರಿಯನ್ನೂ ತೋರಿಸಬೇಕಿತ್ತು. ಹಿಂದಿನ ಮುಳುಗಡೆಯಲ್ಲಿ ನಮ್ಮ ಕಣ್ಣೆದುರಿಗೇ ಎಷ್ಟು ಮನೆಗಳ ದುಡ್ಡು ನಾಲ್ಕೈದು ವರ್ಷದಲ್ಲಿ ಕರಗಿತು!

ಆ ಹೊಲದಲ್ಲಿ ದುಡಿಯುತ್ತಿದ್ದ ಕೂಲಿಯವರ ಕಥೆ ಇನ್ನೂ ಬೇರೆ. ಹೊಲ ಮುಳುಗಿದರೆ ಅವರ ದಿನಗೂಲಿಯೂ ಮುಳುಗುತ್ತದೆ, ಎಕರೆ ಲೆಕ್ಕದ ಪರಿಹಾರ ಅವರಿಗಿಲ್ಲ. 2013ರ ಭೂಸ್ವಾಧೀನ ಕಾಯ್ದೆ, ಮೂರು ವರ್ಷದಿಂದ ಅಲ್ಲೇ ದುಡಿದು ಬದುಕುತ್ತಿದ್ದ ಕೂಲಿ ಕುಟುಂಬವನ್ನೂ ಬಾಧಿತ ಕುಟುಂಬ ಅಂತ ಒಪ್ಪುತ್ತದೆ. ಒಪ್ಪಿದ್ದನ್ನು ರುಜುವಾತು ಮಾಡುವುದು ಹೇಗೆ? ಕೂಲಿಗೆ ಉತಾರ ಇರುವುದಿಲ್ಲವಲ್ಲ. ಪಂಚಾಯಿತಿಯವರು ಈಗಿನಿಂದಲೇ ಯಾರು ಯಾರ ಹೊಲದಲ್ಲಿ ದುಡಿಯುತ್ತಾರೆ ಅಂತ ಒಂದು ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಿ ದಾಖಲೆ ಇಟ್ಟರೆ ನಾಳೆ ಅದೇ ಸಾಕ್ಷಿ.

ಕೊನೆಯದಾಗಿ ಒಂದು ಸರ್ಕಾರಿ ಅಂಕಿ, ಯಾಕೆಂದರೆ ಪೇಪರಿನಲ್ಲಿ ಓದಿ ನೀವು ಕೇಳೇ ಕೇಳುತ್ತೀರಿ. 2022-23ರಿಂದ 2023-24ಕ್ಕೆ ಹಳ್ಳಿಗಳ ಖರ್ಚಿನ ಜಿನಿ ಅಂಕ 0.266ರಿಂದ 0.237ಕ್ಕೆ ಇಳಿದಿದೆ, ಅಸಮಾನತೆ ಕಡಿಮೆ ಆಗಿದೆ ಅಂತ. ಅದು ಖರ್ಚಿನ ಅಂಕ, ಆದಾಯದ್ದಲ್ಲ. ಬೋರಮಾಳ ಗಿರವಿ ಇಟ್ಟು ಮಗನ ಫೀ ಕಟ್ಟಿದರೂ ಖರ್ಚು, ಪಗಾರದಿಂದ ಕಟ್ಟಿದರೂ ಖರ್ಚು. ಆ ಸಮೀಕ್ಷೆಯಲ್ಲಿ ಎರಡು ಮನೆಯೂ ಸಮ. ದೊಡ್ಡ ಶ್ರೀಮಂತ ತನ್ನ ಆದಾಯದ ಬಹುಪಾಲು ಖರ್ಚೇ ಮಾಡುವುದಿಲ್ಲ, ಹಾಗಾಗಿ ಅವನೂ ಅಲ್ಲಿ ಚಿಕ್ಕವನಾಗಿ ಕಾಣುತ್ತಾನೆ.

ನನ್ನ ಮಾತು ಇಷ್ಟು. ಈಗ ಪ್ರಶ್ನೆ ಕೇಳಿ.

*ಜಮಖಂಡಿ ಕಡೆಯ ಒಬ್ಬ ಅಕ್ಕ:* "ಬಿಲ್ಲು ವರ್ಷಕ್ಕೊಮ್ಮೆ ಬರೋದು ನಮ್ಮ ಕೈಯಾಗ ಇಲ್ರಿ. ಹಂಗಾದ್ರ ನಾವು ಮಾಡೂದೇನು?"

ಅಕ್ಕಾ, ನಿಮ್ಮ ಮನೆಯಲ್ಲಿ ಎಮ್ಮೆ ಇದೆಯಾ? ಇದೆ ಅಂತೀರಿ. ಹಾಲಿನ ದುಡ್ಡು ಡೇರಿಯಿಂದ ಸ್ವಲ್ಪ ಸ್ವಲ್ಪ ದಿನಕ್ಕೆ ಬರುತ್ತದೆ, ಕಿರಾಣಿಗೆ ಅದೇ ಹೋಗುತ್ತದೆ, ಹೌದಲ್ಲ? ನಿಮಗೆ ಗೊತ್ತಿದ್ದೇ ಮಾಡಿದ್ದೀರಿ ಅದನ್ನು. ಹಾಲಿನಲ್ಲಿ ಲಾಭ ಏನು ಉಳಿಯುತ್ತದೆ ಅಂತ ಗಂಡಸರು ಲೆಕ್ಕ ಕೇಳಿದರೆ, ತಪ್ಪಿದ ಬಡ್ಡಿಯನ್ನೂ ಆ ಲೆಕ್ಕಕ್ಕೆ ಸೇರಿಸಿ ಹೇಳಿ. ಇನ್ನೊಂದು, ಬಿಲ್ಲು ಜಮಾ ಆದ ವಾರವೇ ಜೂನ್‌ನ ಫೀ ಮತ್ತು ಗೊಬ್ಬರದಷ್ಟನ್ನು ನಾಲ್ಕು ತಿಂಗಳ ಠೇವಣಿಗೆ ಹಾಕಿಬಿಡಿ. ಬಡ್ಡಿಗಾಗಿ ಅಲ್ಲ. ಊರಲ್ಲಿ ಬಿಲ್ಲು ಆಗಿದೆ ಅಂತ ಗೊತ್ತಾದ ಕೂಡಲೇ ಕೈಗಡ ಕೇಳಲು ಬೀಗರು ಬರುತ್ತಾರಲ್ಲ, ಅವರಿಗೆ ಇಲ್ಲ ಅನ್ನಲು.

*ಒಬ್ಬ ಬಿ.ಕಾಂ ವಿದ್ಯಾರ್ಥಿ:* "ಸರ್, 14 ದಿನ ದಾಟಿದ್ರೆ ಶೇ 15 ಬಡ್ಡಿ ಅಂದ್ರಿ. ನಮ್ಮಪ್ಪನಿಗೆ ಯಾವತ್ತೂ ಬಂದಿಲ್ಲ."

ಬಂದಿರಲಿಕ್ಕಿಲ್ಲ. 3,96,000 ರೂಪಾಯಿ ಎರಡು ತಿಂಗಳು ತಡವಾದರೆ ಆ ಬಡ್ಡಿ 9,900 ಆಗುತ್ತದೆ. ನಿನ್ನ ವರ್ಷದ ಕಾಲೇಜು ಖರ್ಚಿನಲ್ಲಿ ದೊಡ್ಡ ಪಾಲು. ಅಪ್ಪನ ಹತ್ತಿರ ತೂಕದ ಚೀಟಿಗಳಿರುತ್ತವೆ, ಗೋಡೆಯ ಮೊಳೆಗೆ ಚುಚ್ಚಿಟ್ಟಿರುತ್ತಾರೆ. ಅದರ ಮೇಲೆ ಕಬ್ಬು ಕೊಟ್ಟ ತಾರೀಕು ಇದೆ. ಪಾಸ್‌ಬುಕ್‌ನಲ್ಲಿ ದುಡ್ಡು ಜಮಾ ಆದ ತಾರೀಕು ಇದೆ. ಎರಡನ್ನೂ ಒಂದು ಹಾಳೆಯ ಮೇಲೆ ಎದುರುಬದುರು ಬರಿ. ನಿಮ್ಮ ಊರಿನ ಇನ್ನೂ ಹತ್ತು ಮನೆಯದು ಬರಿ. ಬಾಕಿ ವಸೂಲಿಗೆ ಆದೇಶ ಮಾಡುವ ಅಧಿಕಾರ ಸರ್ಕಾರದ ಕಬ್ಬು ಆಯುಕ್ತರಿಗಿದೆ, ಜಿಲ್ಲಾಧಿಕಾರಿಗಳ ಮೂಲಕ ನಡೆಯುತ್ತದೆ. ಅರ್ಜಿಯ ಜೊತೆ ಆ ಹಾಳೆ ಇಟ್ಟರೆ ಸುಮ್ನೆ ಬದಿಗೆ ಸರಿಸಲು ಆಗುವುದಿಲ್ಲ. ಬರೆದು ತಗೊಂಡು ಬಾ, ಬಡ್ಡಿಯ ಲೆಕ್ಕ ನಾನು ಹಾಕಿಕೊಡುತ್ತೇನೆ.